ಹಿಂದಿನ ಸೀಟಿನ ತೂಕ

ಅಪಿಂಗ್ಟನ್
9 ಫೆಬ್ರವರಿ 1997

ಬರ್ನೀಸ್ ಕಿವೀಡೊಗೆ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಹತ್ತು ದಿನ ಅದು ಕುಲುಮೆಯ ಪಕ್ಕ ಬಿದ್ದಿತ್ತು. ಒಲೆಗೆ ಹಾಕೋಣವೆಂದು ಎರಡು ಸಲ ಎತ್ತಿಕೊಂಡೆ. ಕಿವೀಡೊ ಎಂಬ ಹೆಸರನ್ನು ಲಕೋಟೆಯ ಮೇಲೆ ನೋಡಿ ಇಪ್ಪತ್ತೈದು ವರ್ಷವಾಗಿತ್ತು. ನನ್ನ ವಿಳಾಸ ಕೊಟ್ಟವಳು ನಮ್ಮ ಹಳೇ ಬೀದಿಯ ರೋಡಾ ಅಂತೆ. ಅವಳ ಬಾಯಿ ಹಾಗೆಯೇ ಇದೆ ಅನ್ನು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ಸಹಿಸಿಕೋ, ಆಗದಿದ್ದರೆ ಓದಬೇಡ. ಫೋನ್ ನಂಬರು ಕೇಳಿದ್ದೀಯ. ಫೋನಿಲ್ಲ. ಇದ್ದರೂ ದಂಡ. ನಲವತ್ತು ವರ್ಷ ಗಾಡಿಗಳ ಸ್ಪ್ರಿಂಗು ಬಡಿದು ಬಡಿದು ಕಿವಿ ಹೋಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನಪ್ಪ ವಿಲ್ಫ್ರೆಡ್‌ನ ಎಪ್ಪತ್ತೊಂದರ ಕಾರ್ಟೀನಾ ಕಾರು ಇನ್ನೂ ಉಸಿರಾಡುತ್ತಿದೆ ಎಂದು ಬರೆದಿದ್ದೀಯ. ಅವನಿಗೆ ಬೆನ್ನಿನ ಆಪರೇಷನ್ ಆಗಿದೆ, ಎರಡು ಮಣಿ ಸೇರಿಸಿ ಮೊಳೆ ಜಡಿದಿದ್ದಾರೆ, ಕುಲುಕಾಡಬಾರದು. ಆದರೂ ಸೆಪ್ಟೆಂಬರ್ 24ಕ್ಕೆ ಹಳೆಯ ಸೌತ್ ಎಂಡಿನವರೆಲ್ಲ ಕಾರು ಸಾಲು ಕಟ್ಟಿಕೊಂಡು, ಬಿಳಿಯರಿಗೆ ಜಾಗ ಮಾಡಲು ಸರ್ಕಾರ ಕೆಡವಿ ಹಾಕಿದ ನಮ್ಮ ಬೀದಿಗಳಿಗೆ ಹೋಗುವಾಗ, ಅವನ ಕಾರು ಮೊದಲಿನಂತೆ ನೆಲ ನೆಕ್ಕಿಕೊಂಡು ಹೋಗಬೇಕು. ಇಲ್ಲದಿದ್ದರೆ ಬರುವುದೇ ಇಲ್ಲವಂತೆ. ಅವನ ಹಟವೂ ಹಾಗೆಯೇ ಇದೆ.

ತಗ್ಗೂ ಬೇಕು, ಮೆತ್ತಗೂ ಇರಬೇಕು ಎನ್ನುತ್ತೀಯ. ಹುಡುಗಿ, ಎಲ್ಲರಿಗೂ ಬೇಕಾದದ್ದು ಅದೇ. ಕಾರು ತಗ್ಗಿದಷ್ಟೂ ಗಾಲಿಗೆ ಮೇಲೇಳಲು ಜಾಗ ಕಡಿಮೆ. ಜಾಗ ಕಡಿಮೆಯಾದರೆ ಸ್ಪ್ರಿಂಗು ಒಂದಿಷ್ಟು ಬಿಗಿ ಇರಬೇಕು, ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಬಿಗಿ ಹೆಚ್ಚಾದರೆ ಕತ್ತೆಗಾಡಿ. ಇವೆರಡರ ನಡುವೆ ಬೆರಳು ತೂರುವಷ್ಟು ಸಂದಿ ಇದೆ. ನಾನು ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಆ ಸಂದಿಯಲ್ಲೇ.

ನಿಮ್ಮೂರಿನ ಅಂಗಡಿಯವನು ಎಂಬತ್ತು ಮಿಲಿಮೀಟರ್ ಇಳಿಸಿಕೊಡುತ್ತೇನೆ ಎಂದನಂತೆ. ಎಂಬತ್ತು! ಅವನಿಂದ ಇಳಿಸಿಕೊಂಡು ಬಾ, ಒಂದೇ ರಸ್ತೆ ಉಬ್ಬಿಗೆ ನಿನ್ನಪ್ಪನ ಬೆನ್ನಿನ ಮೊಳೆಗಳನ್ನು ಕೈಯಲ್ಲಿ ಆಯ್ದುಕೊಳ್ಳಬಹುದು.

ಒಂದು ಚೀಟಿ ಬರೆದು ಕಳಿಸು. ಆ ದಿನ ಯಾರು ಯಾವ ಸೀಟಿನಲ್ಲಿ ಕೂರುತ್ತಾರೆ, ಅವರವರ ತೂಕ ಎಷ್ಟು, ಡಿಕ್ಕಿಯಲ್ಲಿ ಏನೇನು. ಊಟಕ್ಕೆ ಒಯ್ಯುವ ಮೀನಿನ ಪಾತ್ರೆಯನ್ನೂ ಬಿಡಬೇಡ. ಖಾಲಿ ಕಾರಿನ ಎತ್ತರ ನೋಡಿ ನಾನು ಸ್ಪ್ರಿಂಗು ಮಾಡುವುದಿಲ್ಲ. ಯಾಕೆಂದು ಕೇಳಬೇಡ.

ಇನ್ನೊಂದು ಮಾತು. ನಾನು ಮಾಡಿಕೊಡುತ್ತಿರುವುದು ಕಾರಿಗೆ, ನಿನ್ನಪ್ಪನಿಗಲ್ಲ. ಅವನ ಎದುರು ನನ್ನ ಹೆಸರೆತ್ತಬೇಡ.

ಆಂಬ್ರೋಸ್ ಜೆಗೆಲ್ಸ್


ಗೆಲ್ವನ್‌ಡೇಲ್, ಪೋರ್ಟ್ ಎಲಿಜಬೆತ್
2 ಮಾರ್ಚ್ 1997

ಅಂಕಲ್ ಆಂಬ್ರೋಸ್,

ನೀವು ಬರೆಯುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬರೆದಿರಿ, ಜೊತೆಗೆ ಬೈದಿರಿ. ಎರಡಕ್ಕೂ ಥ್ಯಾಂಕ್ಸ್.

ನಾನು ಕಾರುಗಳ ಸೀಟು ಹೊಲಿಯುವ ಕೆಲಸ ಮಾಡುತ್ತೇನೆ. ಕಾರಿನ ಒಳಗಿನದು ಗೊತ್ತು, ಅಡಿಯದು ಗೊತ್ತಿಲ್ಲ. ಅಪ್ಪ ಈ ಕಾರನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ನನಗೆ ನೆನಪಿರುವಂದಿನಿಂದ ಅದು ಆಡಿನ ಹಾಗೆ ಎತ್ತರಕ್ಕೆ ನಿಂತಿದೆ. ಈಗ ಆಸ್ಪತ್ರೆಯಿಂದ ಬಂದ ದಿನವೇ, "ಬರ್ನೀಸ್, ಇದನ್ನ ಇಳ್ಸು. ಮೊದ್ಲು ಹೇಗಿತ್ತೋ ಹಾಗೆ" ಎಂದರು. "ಹೇಗಿತ್ತು ಅಪ್ಪ?" ಎಂದರೆ ಕೋಲೂರಿಕೊಂಡು ಒಳಗೆ ಹೋದರು. ಸೀಟಿನ ಅಡಿ ಗುಡಿಸುವಾಗ ಸಿಗರೇಟು ಪ್ಯಾಕಿನ ತುಂಡೊಂದು ಸಿಕ್ಕಿತು. ಮೇಲೆ ಒಂದಿಷ್ಟು ಅಳತೆ, ಕೆಳಗೆ ನಿಮ್ಮ ಹೆಸರು. ಆ ಹೆಸರು ಹಿಡಿದು ಆಂಟಿ ರೋಡಾನ ಕೇಳಿದೆ, ಹೀಗೆ ನಿಮ್ಮನ್ನು ಹುಡುಕಿದೆ.

ನೀವು ಕೇಳಿದ ಚೀಟಿ. ಓಡಿಸುವವಳು ನಾನು, ಅರವತ್ತನಾಲ್ಕು ಕಿಲೋ. ನನ್ನ ಪಕ್ಕ ಅಪ್ಪ, ಎಪ್ಪತ್ತೊಂದು. ಹಿಂದೆ ಬಲಕ್ಕೆ ಆಂಟಿ ರೋಡಾ. ತೂಕ ಕೇಳಿದರೆ, "ಆಲೂಗಡ್ಡೆ ಕೊಳ್ತಿದೀಯಾ? ಮೂಟೆ ಅಂತ ಬರ್ಕೋ, ಹೋಗು" ಎಂದರು. ತೊಂಬತ್ತೈದು ಎಂದಿಟ್ಟುಕೊಳ್ಳಿ, ಅವರಿಗೆ ತಿಳಿಯದಿರಲಿ. ಡಿಕ್ಕಿಯಲ್ಲಿ ಮೀನಿನ ಪಾತ್ರೆ, ಮಡಿಸುವ ಕುರ್ಚಿ ಎರಡು, ಶುಂಠಿ ಬಿಯರ್ ಒಂದು ಕ್ರೇಟು. ಅಮ್ಮ ಚರ್ಚಿನ ಹಾಡುವವರ ಬಸ್ಸಿನಲ್ಲಿ ಬರುತ್ತಾರೆ.

ಹಿಂದೆ ಎಡಕ್ಕೆ ಯಾರೂ ಇಲ್ಲ. ಅಪ್ಪ ಯಾರನ್ನೂ ಕೂರಗೊಡುವುದಿಲ್ಲ. ಅದು ಅಜ್ಜಿ, ನಮ್ಮ ಓಮಾ ಲವೀನಿಯಾ, ಕೂರುತ್ತಿದ್ದ ಜಾಗ. ಓಮಾ ಹೋಗಿ ಎಂಟು ವರ್ಷವಾಯಿತು. ನಿಮಗೆ ಯಾರಾದರೂ ತಿಳಿಸಿದ್ದರೋ ಇಲ್ಲವೋ.

ಬರ್ನೀಸ್


ಅಪಿಂಗ್ಟನ್
30 ಮಾರ್ಚ್ 1997, ಈಸ್ಟರ್

ಬರ್ನೀಸ್,

ಯಾರೂ ತಿಳಿಸಿರಲಿಲ್ಲ.

ಶುಭ ಶುಕ್ರವಾರ ಪಕ್ಕದ ಮನೆಯವಳು ಈರುಳ್ಳಿ, ಅರಿಶಿನ, ವಿನೆಗರ್ ಹಾಕಿದ ಮೀನು ತಂದುಕೊಟ್ಟಳು. ತಿಂದೆ. ಸಮುದ್ರವಿಲ್ಲದ ಊರಿನ ಮೀನು ಅದು. ಆಂಟಿ ಲವೀನಿಯಾ ಮಾಡುತ್ತಿದ್ದ ಮೀನನ್ನು ನಾವು ಗುರುವಾರವೇ ಕದ್ದು ತಿನ್ನುತ್ತಿದ್ದೆವು. ನಿನ್ನಪ್ಪ ವಿಲ್ಲಿ ಸಿಕ್ಕಿಬೀಳುತ್ತಿದ್ದ, ನಾನಲ್ಲ. ಅವನ ಮುಖದಲ್ಲಿ ಬರೆದಿರುತ್ತಿತ್ತು.

ಮೊದಲು ಹೇಗಿತ್ತು ಎಂದು ಕೇಳಿದೆಯಲ್ಲ, ಕೇಳು. ನಮಗೆ ಮೊದಲು ಸಿಕ್ಕಿದ್ದು ವಿಲ್ಲಿಯ ಮಾವನ ಹಳೇ ಕಾರು. ಸ್ಪ್ರಿಂಗು ಮುಟ್ಟಿದರೆ ಮಾವ ಕೈ ಮುರಿಯುತ್ತಿದ್ದ. ಅದಕ್ಕೆ ಭಾನುವಾರ ಬೆಳಿಗ್ಗೆ ಕಿಂಗ್ಸ್ ಬೀಚಿಗೆ ಹೋಗಿ ಆರು ಚೀಲ ಮರಳು ತುಂಬಿ ಡಿಕ್ಕಿಗೆ ಹಾಕುತ್ತಿದ್ದೆವು. ಹಿಂಭಾಗ ತಗ್ಗುತ್ತಿತ್ತು, ಕಾರು ಸಮುದ್ರದ ಅಲೆಯ ಹಾಗೆ ತೇಲುತ್ತಿತ್ತು. ಚರ್ಚು ಬಿಡುವ ಹೊತ್ತಿಗೆ ವಾಲ್ಮರ್ ರಸ್ತೆಯಲ್ಲಿ ನಿಧಾನವಾಗಿ, ನಡೆದು ಹೋಗುವ ಮುದುಕಿಯೂ ನಮ್ಮನ್ನು ಹಿಂದೆ ಹಾಕಬೇಕು ಅಷ್ಟು ನಿಧಾನವಾಗಿ ಹೋಗುತ್ತಿದ್ದೆವು. ಹುಡುಗಿಯರು ನೋಡುತ್ತಿದ್ದರು. ರೋಡಾ ಮಾತ್ರ ಕೂಗುತ್ತಿದ್ದಳು: "ತಳ್ಳಬೇಕಾ ಅಣ್ಣ?"

ಒಂದು ದಿನ ಚೀಲ ಹರಿದಿತ್ತು. ಬೀಚಿನಿಂದ ವಿಲ್ಲಿಯ ಮನೆ ಬಾಗಿಲವರೆಗೆ ಮರಳಿನ ಗೆರೆ. ಗೆರೆ ಹಿಡಿದುಕೊಂಡು ಪೊಲೀಸಿನವನು ಬಂದ. ಆಂಟಿ ಲವೀನಿಯಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು: "ಸಮುದ್ರ ಎಲ್ಲಿಗೂ ಹೋಗಲ್ಲ ಸಾರ್, ಮರಳು ವಾಪಸ್ ಹಾಕಸ್ತೀನಿ. ಅದಕ್ಮುಂಚೆ ನಿಮ್ಮ ಶರ್ಟಿನ ಗುಂಡಿ ಬಿದ್ದಿದೆ, ಬಿಚ್ಕೊಡಿ." ಅವನು ಬನಿಯನ್ನಿನಲ್ಲಿ ಕೂತು ಟೀ ಕುಡಿದು ಹೋದ. ಮುಂದೆ ಆ ಬೀಚಿಗೇ ಬಿಳಿಯರಿಗೆ ಮಾತ್ರ ಎಂದು ಬೋರ್ಡು ಬಿತ್ತು. ಆಮೇಲೆ ಬೀದಿಗೇ.

ಸಾಕು. ಕೆಲಸದ ಮಾತು.

ಮುಂದೆ ನಲವತ್ತು ಮಿಲಿಮೀಟರ್, ಹಿಂದೆ ಮೂವತ್ತು. ಅದಕ್ಕಿಂತ ಒಂದು ಕೂದಲೂ ಇಳಿಸುವುದಿಲ್ಲ. ಹಿಂದಿನ ಸ್ಪ್ರಿಂಗಿನ ಸುರುಳಿ ಒಂದು ತುದಿಯಲ್ಲಿ ಹತ್ತಿರ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ದೂರ ಸುತ್ತುತ್ತೇನೆ. ಸಣ್ಣ ಗುಂಡಿಗೆ ಮೆತ್ತಗೆ ಬಗ್ಗುತ್ತದೆ, ದೊಡ್ಡದಕ್ಕೆ ಬಿಗಿಯಾಗುತ್ತದೆ. ಒಳ್ಳೆಯ ಹೆಂಡತಿಯ ಹಾಗೆ ಎಂದು ನನ್ನ ಮೇಸ್ತ್ರಿ ಹೇಳುತ್ತಿದ್ದ. ನಾನು ಮದುವೆಯಾಗಲಿಲ್ಲ, ನನಗೆ ತಿಳಿಯದು.

ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್‌ಗಳು ಗಿಡ್ಡವೇ ಬೇಕು. ಉದ್ದದ್ದನ್ನೇ ಬಿಟ್ಟರೆ ಸ್ಪ್ರಿಂಗಿಗಿಂತ ಮೊದಲು ಶಾಕ್ ತಳ ಮುಟ್ಟುತ್ತದೆ. ರೇಸಿನವರ ಗಟ್ಟಿ ಶಾಕ್ ಬೇಡ, ಕುಟುಂಬದ ಕಾರಿನದು ತಾ. ಗಾಲಿಯ ತೋಳಿನ ಕೀಲುಗಳಲ್ಲಿ ಕೂರುವ ಬುಷ್‌ಗಳು ರಬ್ಬರಿನವೇ ಇರಲಿ. ಬಣ್ಣಬಣ್ಣದ ಪ್ಲಾಸ್ಟಿಕ್ಕಿನದನ್ನು ಅಂಗಡಿಯವನು ತೋರಿಸಿದರೆ ಅವನ ತಲೆಗೇ ಹಾಕು. ಚಕ್ರ ಹದಿಮೂರು ಇಂಚು, ಟಯರಿನ ಗೋಡೆ ಎತ್ತರದ್ದು. ಅರ್ಧ ಸುಖ ಇರುವುದು ಟಯರಿನ ಗೋಡೆಯಲ್ಲಿ. ಈಗಿನವರು ದೊಡ್ಡ ಚಕ್ರಕ್ಕೆ ರಿಬ್ಬನ್ನಿನಂಥ ಟಯರು ಸುತ್ತಿಕೊಂಡು, ಆಮೇಲೆ ನನ್ನ ಹತ್ತಿರ ಬಂದು ಸೊಂಟ ನೋವು ಎನ್ನುತ್ತಾರೆ.

ಸ್ಪ್ರಿಂಗು ನಾನೇ ಸುತ್ತುತ್ತೇನೆ. ದ್ರಾಕ್ಷಿ ತೋಟದವರ ಲಾರಿಗಳ ಕೆಲಸ ಬರುವ ತಿಂಗಳು ಮುಗಿಯಲಿ.

ಆಂಬ್ರೋಸ್


ಗೆಲ್ವನ್‌ಡೇಲ್
18 ಮೇ 1997

ಅಂಕಲ್,

ನಿಮ್ಮ ಮಾತು ಮೀರಿದೆ. ಬೈಯಿರಿ.

ಊಟ ಮಾಡುವಾಗ ಅಪ್ಪನಿಗೆ ಹೇಳಿಬಿಟ್ಟೆ, ಅಪಿಂಗ್ಟನ್‌ನಲ್ಲಿ ಆಂಬ್ರೋಸ್ ಜೆಗೆಲ್ಸ್ ಎನ್ನುವವರು ಸ್ಪ್ರಿಂಗು ಮಾಡಿಕೊಡುತ್ತಿದ್ದಾರೆ ಎಂದು. ಅಪ್ಪ ರೇಡಿಯೋ ಆರಿಸಿದರು. "ಅವ್ನು ಬದುಕಿದಾನಾ?" ಎಂದರು. ಹೂಂ ಎಂದೆ. ತಟ್ಟೆ ಹಾಗೇ ಬಿಟ್ಟು, ಕೋಲೂರಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಗಾಳಿ ಬೀಸುತ್ತಿತ್ತು, ಕಾರು ಆ ಎತ್ತರದ ಕಾಲಿನ ಮೇಲೆ ಅಲ್ಲಾಡುತ್ತಿತ್ತು. ಒಂದು ಗಂಟೆ ಕೂತಿದ್ದರು. ಒಳಗೆ ಬಂದು, "ಖಾಲಿ ಕಾರಿಗೆ ಅಳತೆ ತಗೋಬೇಡ ಅಂತ ಬರ್ದಿದಾನಾ?" ಎಂದು ಕೇಳಿದರು. ಹೌದೆಂದೆ. ಅಷ್ಟೇ. ಹೋಗಿ ಮಲಗಿದರು.

ಆಂಟಿ ರೋಡಾನ ಕೇಳಿದೆ. ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಗೆ ಬೀಗ.

ಏನಾಯಿತು ಅಂಕಲ್? ಬೇಡವೆಂದರೂ ಕೇಳುತ್ತಿದ್ದೇನೆ. ಅಪ್ಪನನ್ನು ಕೂರಿಸಿಕೊಂಡು ಹೋಗುವವಳು ನಾನು.

ಬರ್ನೀಸ್


ಅಪಿಂಗ್ಟನ್
8 ಜೂನ್ 1997

ಬರ್ನೀಸ್,

ಬೇಡ ಅಂದದ್ದನ್ನೇ ಮಾಡಿದೆ. ಕಿವೀಡೊಗಳ ರಕ್ತ.

ಕೇಳಿದೆಯಲ್ಲ, ಹೇಳುತ್ತೇನೆ. ಒಂದೇ ಸಲ ಹೇಳುವುದು.

1972, ನವೆಂಬರ್. ಸೌತ್ ಎಂಡಿನಲ್ಲಿ ನಮ್ಮ ಬೀದಿಯ ಅರ್ಧ ಆಗಲೇ ಇಟ್ಟಿಗೆ ಗುಡ್ಡೆ. ನಿಮ್ಮ ಮನೆಯವರು ಶುಕ್ರವಾರ ಖಾಲಿ ಮಾಡಬೇಕೆಂದು ಕಾಗದ ಬಂದಿತ್ತು. ಹೋಗುವ ಮುಂಚಿನ ಕೊನೇ ಭಾನುವಾರ ಬೀಚ್ ರಸ್ತೆಯಲ್ಲಿ ನಮ್ಮ ಕಾರ್ಟೀನಾದಷ್ಟು ತಗ್ಗಿನದು ಇನ್ನೊಂದು ಇರಬಾರದು ಎಂದು ನಾನೂ ವಿಲ್ಲಿಯೂ ತೀರ್ಮಾನಿಸಿದೆವು. ಶನಿವಾರ ಹಿಂದಿನ ಸ್ಪ್ರಿಂಗುಗಳಿಂದ ಒಂದೂವರೆ ಸುತ್ತು ಕತ್ತರಿಸಿದೆ. ಕಾರು ಖಾಲಿ ನಿಂತಿತ್ತು. ಟಯರಿಗೂ ಮಡ್ಗಾರ್ಡಿಗೂ ನಡುವೆ ಸರಿಯಾಗಿ ಎರಡು ಬೆರಳು. ನೋಡಲು ಕಣ್ಣಿಗೆ ಹಬ್ಬ. ಭಾನುವಾರ ಅದರಲ್ಲಿ ನಾವಿಬ್ಬರೇ ಹೋದೆವು. ಇಡೀ ರಸ್ತೆ ತಿರುಗಿ ನೋಡಿತು. ಅದು ನನ್ನ ಬದುಕಿನ ಒಳ್ಳೆಯ ದಿನ. ಈಗಲೂ ಹಾಗೆ ಹೇಳಬೇಕಾಗಿದೆಯಲ್ಲ ಎಂದು ಸಿಟ್ಟು ಬರುತ್ತದೆ.

ಸರ್ಕಾರದ ಲಾರಿ ಶುಕ್ರವಾರದವರೆಗೆ ಕಾಯಲಿಲ್ಲ. ಮಂಗಳವಾರವೇ ಬಂತು. ಸ್ಪ್ರಿಂಗು ಬದಲಿಸಲು ಹೊತ್ತಿರಲಿಲ್ಲ. ಲಾರಿಯಲ್ಲಿ ಜಾಗ ಸಾಲಲಿಲ್ಲ, ಉಳಿದ ಮನೆಯೆಲ್ಲ ಕಾರಿಗೆ ಬಂತು. ತಲೆಯ ಮೇಲೆ ಮಂಚ, ಡಿಕ್ಕಿಯಲ್ಲಿ ಪಾತ್ರೆ. ಮೂರು ವರ್ಷದ ನೀನು ಮುಂದೆ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಆಂಟಿ ಲವೀನಿಯಾ ಹಿಂದೆ ಎಡಕ್ಕೆ. ಅವಳ ತೊಡೆಯ ಮೇಲೆ ಹೊಲಿಗೆ ಯಂತ್ರ. "ಇದನ್ನ ಲಾರಿಯವ್ರ ಕೈಗೆ ಕೊಡಲ್ಲ ಮಗ" ಎಂದಳು.

ಟಯರು ಮಡ್ಗಾರ್ಡಿನೊಳಗೆ ಹೋಗಿತ್ತು. ನಾನು ನೋಡಿದೆ. ಕೆಲಸ ಬಲ್ಲವನು ನಾನು. ಇಳಿಸಿ ಎಲ್ಲವನ್ನೂ ಎನ್ನಬೇಕಿತ್ತು. "ನಿಧಾನ ಹೋಗೋ ವಿಲ್ಲಿ" ಎಂದೆ. ಅಷ್ಟೇ ಅಂದದ್ದು. ನಾನು ಲಾರಿಯಲ್ಲಿ ಹಿಂದೆಯೇ ಇದ್ದೆ. ರೈಲು ಹಳಿ ದಾಟುವಾಗ ಕಾರಿನ ಹಿಂಭಾಗ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿತು. ಆಗ ನನ್ನ ಕಿವಿ ಚೆನ್ನಾಗಿತ್ತು. ಯಂತ್ರ ಎಗರಿ ಅವಳ ಬಲಗೈ ಮೇಲೆ ಬಿತ್ತು. ಮೂರು ಬೆರಳು.

ಸೌತ್ ಎಂಡಿನ ಅರ್ಧ ಮದುವಣಗಿತ್ತಿಯರ ಬಟ್ಟೆ ಹೊಲಿದ ಕೈ ಅದು.

ಆಸ್ಪತ್ರೆಯಲ್ಲಿ ವಿಲ್ಲಿ, "ನೀನು ಕತ್ರಿಸಿದ್ದು ಸ್ಪ್ರಿಂಗಲ್ಲ ಆಂಬ್ರೋಸ್" ಎಂದ. ಜನವರಿಯಲ್ಲಿ ನಾನು ಇಲ್ಲಿಗೆ ಬಂದೆ. ಅವಳ ಕೈ ನೋಡಲು ಹೋಗಲಿಲ್ಲ.

ನಿನಗೂ ನನ್ನ ಸ್ಪ್ರಿಂಗು ಬೇಡವೆಂದರೆ ಬರೆ. ಬರೆಯದಿದ್ದರೂ ಅರ್ಥವಾಗುತ್ತದೆ.

ಆಂಬ್ರೋಸ್ ಜೆಗೆಲ್ಸ್


ಅಪಿಂಗ್ಟನ್
27 ಜುಲೈ 1997

ಬರ್ನೀಸ್,

ನೀನು ಬರೆಯಲಿಲ್ಲ. ಸರಿ.

ಸ್ಪ್ರಿಂಗು ನಾಲ್ಕನ್ನೂ ಬಸ್ಸಿನಲ್ಲಿ ಕಳಿಸಿದ್ದೇನೆ. ಕೆಂಪು ಬಣ್ಣದವು ಮುಂದೆ, ಕಪ್ಪು ಹಿಂದೆ. ಹದ ಎರಡು ಸಲ ಕೊಟ್ಟಿದ್ದೇನೆ, ನನಗಿಂತ ಹೆಚ್ಚು ಬಾಳುತ್ತವೆ. ಬೇಡವಾದರೆ ಗುಜರಿಗೆ ಹಾಕು, ಆದರೆ ಕತ್ತರಿಸಬೇಡ, ಬೇರೆ ಯಾರಿಗೂ ಕೊಡಬೇಡ. ಆ ತೂಕಕ್ಕೆಂದೇ ಮಾಡಿದವು ಅವು.

ಹಾಕುವುದಾದರೆ ಈ ಮಾತು ಮೆಕ್ಯಾನಿಕ್‌ಗೆ ಓದಿ ಹೇಳು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕಿನ ಮೇಲಿರುವಾಗ ಬಿಗಿ ಮಾಡಬಾರದು. ಸಡಿಲ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಒಂದೊಂದು ಸೀಟಿನಲ್ಲೂ ಅಲ್ಲಿ ಕೂರುವವರಷ್ಟೇ ತೂಕದ ಮರಳುಚೀಲ ಇಡಬೇಕು. ಆಮೇಲೆ ಬಿಗಿ ಮಾಡಬೇಕು. ರಬ್ಬರು ಯಾವ ಭಾರದಲ್ಲಿ ಬಿಗಿಯಾಯಿತೋ ಆ ಭಾರದಲ್ಲೇ ನೆಮ್ಮದಿಯಾಗಿರುತ್ತದೆ. ಇಲ್ಲದಿದ್ದರೆ ಆಯುಷ್ಯಪೂರ್ತಿ ತಿರುಚಿಕೊಂಡೇ ಇರುತ್ತದೆ, ಆ ತಿರುಚು ನಿನ್ನಪ್ಪನ ಬೆನ್ನಿಗೆ ಬರುತ್ತದೆ.

ಹಿಂದೆ ಎಡಕ್ಕೆ ಏನೂ ಇಡಬೇಡ. ಅದು ಆಂಟಿಯ ಜಾಗ.

ಆಂಬ್ರೋಸ್


ಗೆಲ್ವನ್‌ಡೇಲ್
31 ಆಗಸ್ಟ್ 1997

ಅಂಕಲ್ ಆಂಬ್ರೋಸ್,

ಕೋಪದಲ್ಲಿದ್ದೆ, ಅದಕ್ಕೇ ಬರೆಯಲಿಲ್ಲ. ನೀವು ಸ್ಪ್ರಿಂಗು ಕತ್ತರಿಸಿದ್ದಕ್ಕಲ್ಲ. ಓಮಾನ ನೋಡಲು ಬರಲಿಲ್ಲ ಎಂದು ಅಷ್ಟು ಸುಲಭವಾಗಿ ಒಂದೇ ಸಾಲಿನಲ್ಲಿ ಬರೆದಿರಲ್ಲ, ಅದಕ್ಕೆ.

ಓಮಾನ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಆ ಯಂತ್ರ ಒಡೆಯಲಿಲ್ಲ. ಅವಳೇ ಎಡಗೈಯಲ್ಲಿ ಹೊಲಿಯುವುದನ್ನು ಕಲಿತಳು. ಮದುಮಗಳ ಬಟ್ಟೆಯಲ್ಲ, ಪರದೆ, ದಿಂಬಿನ ಚೀಲ. ನಾನು ಅವಳ ಬಲಗೈಯಾಗಿದ್ದೆ. ಬಟ್ಟೆ ನಾನು ಹಿಡಿಯುವುದು, ಚಕ್ರ ಅವಳು ತಿರುಗಿಸುವುದು. ನನಗೆ ಈ ಕಸುಬು ಬಂದದ್ದು ಹಾಗೆ. ಬೆರಳಿನ ಮಾತು ಬಂದಾಗ ಅವಳು ಬೈಯುತ್ತಿದ್ದದ್ದು ಒಂದೇ ಮಾತು. ಅದು ಯಾರಿಗೆಂದು ಈಗ ತಿಳಿಯಿತು. "ಆ ಕತ್ತೆ ಒಂದ್ಸಲ ಬರಬೋದಿತ್ತು. ಬೆರಳು ಹೋದ್ರೆ ಹೋಗ್ಲಿ. ಭಾನುವಾರ ಕಾರಲ್ಲಿ ಕೂರಕ್ಕೆ ಜನ ಬೇಕಲ್ಲ."

ನಿಮ್ಮ ಜೂನ್ ತಿಂಗಳ ಪತ್ರವನ್ನು ಹೋದ ವಾರ ಅಪ್ಪನಿಗೆ ಓದಿ ಹೇಳಿದೆ. "ನಿಧಾನ ಹೋಗು" ಎಂದ ಕಡೆ ನಿಲ್ಲಿಸಿದರು. "ಅಂದಿದ್ದ. ಹೌದು, ಅಂದಿದ್ದ. ನಾನೇ ಅವತ್ತು..." ಎಂದರು. ಕನ್ನಡಕ ಒರೆಸಿದರು, ಬಹಳ ಹೊತ್ತು.

ನಿನ್ನೆ ಸ್ಪ್ರಿಂಗು ಹಾಕಿಸಿದೆವು. ಮರಳು ಯಾವುದಾದರೂ ಆದೀತು ಎಂದರೆ ಅಪ್ಪ ಕೇಳಲಿಲ್ಲ. "ಕಿಂಗ್ಸ್ ಬೀಚಿಂದೇ ಬೇಕು" ಎಂದು ನನ್ನನ್ನು ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂತು, ನಾನು ತುಂಬುವುದನ್ನು ನೋಡಿ ನಕ್ಕರು. "ಚೀಲ ಹರಿದಿದ್ಯಾ ನೋಡ್ಕೋ, ಪೊಲೀಸ್ ಬರ್ತಾನೆ." ನನ್ನ ತೂಕ, ಅಪ್ಪನ ತೂಕ ಇಟ್ಟೆವು. ಆಂಟಿ ರೋಡಾ, "ನನ್ನ ಜಾಗಕ್ಕೆ ಚೀಲ ಯಾಕೆ, ನಾನೇ ಇದೀನಲ್ಲ" ಎಂದು ಹತ್ತಿ ಕೂತರು. ಕಾರು ತಗ್ಗಿತು, ತಗ್ಗಿ ನಿಂತಿತು. ಎಷ್ಟು ಚೆಂದವೆಂದರೆ, ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ನೋಡಿದ.

ಬೋಲ್ಟು ಬಿಗಿ ಮಾಡಬೇಕು, ಆಗ ಅಪ್ಪ, "ತಡಿ. ಹಿಂದೆ ಎಡಕ್ಕೂ ಒಂದು ಚೀಲ ಇಡು" ಎಂದರು.

"ಎಷ್ಟು ಅಪ್ಪ?"

"ಆಗ ಅರವತ್ತೆಂಟು ಇದ್ದ. ಈಗ ಎಷ್ಟೋ. ಬರ್ದು ಕೇಳು."

ಬೋಲ್ಟು ಇನ್ನೂ ಸಡಿಲ ಇವೆ. ಕಾರು ಹಾಗೇ ನಿಂತಿದೆ. ನಿಮ್ಮ ತೂಕ ಎಷ್ಟು ಅಂಕಲ್?

ಬರ್ನೀಸ್


ಅಪಿಂಗ್ಟನ್
7 ಸೆಪ್ಟೆಂಬರ್ 1997

ಬರ್ನೀಸ್,

ಬೋಲ್ಟು ಸಡಿಲ ಬಿಟ್ಟು ಕಾರು ನಿಲ್ಲಿಸಿದ್ದೀಯಾ? ತಲೆ ಇದೆಯಾ? ಯಾರಾದರೂ ಹತ್ತಿ ಓಡಿಸಿದರೆ? ಬೀಗದ ಕೈ ರೋಡಾಗೆ ಸಿಗದ ಹಾಗೆ ಇಡು.

ದ್ರಾಕ್ಷಿ ಗೋದಾಮಿನ ತಕ್ಕಡಿ ಹತ್ತಿದೆ. ಅಲ್ಲಿನವನು "ಮುದುಕನ್ನ ಯಾವ ದರಕ್ಕೆ ಕೊಡ್ತೀರ?" ಎಂದ. ಅವನಿಗೆ ಕೊಡಬೇಕಾದದ್ದನ್ನು ಬಾಯಲ್ಲೇ ಕೊಟ್ಟೆ.

22ರ ಬಸ್ಸು, 23ಕ್ಕೆ ನಿಮ್ಮೂರು. ಯಾರೂ ಬಸ್ ನಿಲ್ದಾಣಕ್ಕೆ ಬರಬೇಕಾಗಿಲ್ಲ. ವಿಲ್ಲಿ ಆ ಬೆನ್ನು ಹೊತ್ತು ಬಂದರೆ ನಾನು ಅದೇ ಬಸ್ಸಿನಲ್ಲಿ ವಾಪಸ್ಸು. ನನ್ನ ಕೈಚೀಲ ನಾಲ್ಕು ಕಿಲೋ, ಒಣದ್ರಾಕ್ಷಿ ಸೇರಿ. ಅದನ್ನು ಡಿಕ್ಕಿಯ ಲೆಕ್ಕಕ್ಕೆ ಹಾಕು. ಆ ಜಾಗ ಆಂಟಿಯದು. ಕೂರಲು ಜನ ಬೇಕು ಎಂದಿದ್ದಾಳಲ್ಲ, ಕೂರುತ್ತೇನೆ. ಹಳಿ ಬಂದಾಗ ನಿಧಾನ ಹೋಗು ಎಂದು ಈ ಸಲ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಕಿವುಡನ ಗಂಟಲು ದೊಡ್ಡದು.

ಎಂಬತ್ತಮೂರು. ಶೂ ಬಿಚ್ಚಿದರೆ ಎಂಬತ್ತೆರಡು, ಆದರೆ ಚರ್ಚಿಗೆ ಹಾಕುವ ಶೂ ಹಾಕಿಕೊಂಡೇ ಬರುತ್ತೇನೆ.

ಮರಳು ಸರಿಯಾಗಿ ತೂಗಿ, ಬೋಲ್ಟು ಬಿಗಿ ಮಾಡಿಸು.

ನಿನ್ನ ಅಂಕಲ್
ಆಂಬ್ರೋಸ್